ಅಡಿಸನ್ ಕಾಯಿಲೆ (ಕಿಡ್ನಿಯ ಮೇಲಿನ ಅಡ್ರಿನಲ್ ಗ್ರಂಥಿ ಸೋತು ಕಾರ್ಟಿಸಾಲ್ ಹಾರ್ಮೋನ್ ಸಾಲದಾಗುವುದು): ಡಾಕ್ಟರರನ್ನು ಕೇಳಿ (ಉತ್ತರ ಕನ್ನಡ ಗುಂಪು)

ಶಿರಸಿ: ಡಾಕ್ಟ್ರೇ, ಅಪ್ಪಂಗೆ ಅಡಿಸನ್. ಕಾರ್ಟಿಸಾಲ್ ಬದಲಿಗೆ ಕೊಡುವ ಸ್ಟೀರಾಯ್ಡ್ ಗುಳಿಗೆ ಹೈಡ್ರೋಕಾರ್ಟಿಸೋನ್, ದಿನಕ್ಕೆ ಮೂರು ಸಲ, 10-5-5 ಮಿಗ್ರಾಂ. ಈಗ ಜ್ವರ 101. ಗುಳಿಗೆ ಜಾಸ್ತಿ ಮಾಡಬೇಕಾ?

ಡಾಕ್ಟರ್: ಹೌದು, ಜ್ವರ ಬಿಡುವವರೆಗೆ 20-10-10. 102 ದಾಟಿದರೆ ಮೂರು ಪಟ್ಟು. ಮೈಯಲ್ಲಿ ಉಪ್ಪು ಹಿಡಿದಿಡುವ ಗುಳಿಗೆ ಫ್ಲುಡ್ರೋಕಾರ್ಟಿಸೋನ್ ಇದ್ದಷ್ಟೇ ಇರಲಿ. ವಾಂತಿಯಾದರೆ ಗುಳಿಗೆ ನಂಬಬೇಡಿ, ಇಂಜೆಕ್ಷನ್ ಬೇಕು.

ಅಂಕೋಲಾ: ಹೆಂಡತಿಗೆ 34. ಮೂರು ತಿಂಗಳಲ್ಲಿ 6 ಕೆಜಿ ಇಳಿದಿದ್ದಾಳೆ. ವಸಡು, ಅಂಗೈ ಗೆರೆ ಕಪ್ಪಾಗಿದೆ. ಎದ್ದು ನಿಂತರೆ ತಲೆ ತಿರುಗ್ತದೆ, ಉಪ್ಪಿನಕಾಯಿ ಬರೀ ಬಾಯಿಗೆ ತಿಂತಾಳೆ. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 9, ಜಾಸ್ತಿ ಅಂತ ಥೈರಾಯ್ಡ್ ಗುಳಿಗೆ ಥೈರಾಕ್ಸಿನ್ 50 ಶುರು ಮಾಡಿದ ಮೇಲೆ ವಾಂತಿ. ಸೋಡಿಯಂ 124, ಕಡಿಮೆ; ಪೊಟ್ಯಾಶಿಯಂ 5.8, ಜಾಸ್ತಿ. ಸುಸ್ತಿಗೆ ಎಳನೀರು ಕೊಡ್ತಾ ಇದ್ದೇವೆ.

ಡಾಕ್ಟರ್: ಎಳನೀರು ಈಗಲೇ ನಿಲ್ಲಿಸಿ. ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಇವರಿಗೆ ಬೇಕಾದದ್ದು ಉಲ್ಟಾ. ನಾಳೆ ಅನ್ನದೆ ಇವತ್ತೇ ತುರ್ತು ವಿಭಾಗಕ್ಕೆ ಹೋಗಿ. ಅಡ್ರಿನಲ್ ಸೋತು ಕಾರ್ಟಿಸಾಲ್ ಬತ್ತಿದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅದನ್ನು ಎಬ್ಬಿಸಲು ಎಸಿಟಿಎಚ್ ಹಾರ್ಮೋನ್ ಸುರಿಯುತ್ತದೆ, ಆ ಕಪ್ಪು ಅದರದ್ದು. ಕಾರ್ಟಿಸಾಲ್ ಕೊರತೆಯಿಂದಲೇ ಟಿಎಸ್‌ಎಚ್ ಸ್ವಲ್ಪ ಏರಬಹುದು. ಆಗ ಬರೀ ಥೈರಾಕ್ಸಿನ್ ಕೊಟ್ಟರೆ ಉಳಿದ ಚೂರು ಕಾರ್ಟಿಸಾಲೂ ಬೇಗ ಖರ್ಚಾಗುತ್ತದೆ. ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಯ್ಡ್. ರಿಪೋರ್ಟು, ಗುಳಿಗೆ ಚೀಟಿ ಎಲ್ಲ ತೋರಿಸಿ, ‘ಅಡಿಸನ್ ಸಂಶಯ’ ಅಂತ ಬಾಯಿಬಿಟ್ಟು ಹೇಳಿ. ಕಾರ್ಟಿಸಾಲ್, ಎಸಿಟಿಎಚ್‌ಗೆ ರಕ್ತ ತೆಗೆದು, ಫಲಿತಾಂಶಕ್ಕೆ ಕಾಯದೆ ಹೈಡ್ರೋಕಾರ್ಟಿಸೋನ್ 100 ಮಿಗ್ರಾಂ, ಜೊತೆಗೆ ನಾರ್ಮಲ್ ಸಲೈನ್. ಸೋಡಿಯಂ ಪದೇ ಪದೇ ನೋಡುತ್ತಿರಬೇಕು. ಸರ್ರನೆ ಏರಿದರೆ ಮಿದುಳಿಗೆ ಪೆಟ್ಟು. ಕಾರಣ ಆಮೇಲೆ: ರಕ್ತದಲ್ಲಿ 21-ಹೈಡ್ರಾಕ್ಸಿಲೇಸ್ ಆಂಟಿಬಾಡಿ ಇದ್ದರೆ ಆಟೋಇಮ್ಯೂನ್, ಅಂದರೆ ದೇಹವೇ ತನ್ನ ಗ್ರಂಥಿಯ ಮೇಲೆ ದಾಳಿ ಮಾಡಿದ್ದು. ಇಲ್ಲವಾದರೆ ಅಡ್ರಿನಲ್‌ನ ಸಿಟಿ ಸ್ಕ್ಯಾನ್, ನಮ್ಮ ಕಡೆ ಟಿಬಿ ಮರೆಯುವ ಹಾಗಿಲ್ಲ.

ಕುಮಟಾ: ಸ್ಟೀರಾಯ್ಡ್ ತಗೊಂಡ್ರೆ ಕಿಡ್ನಿ ಹೋಗ್ತದೆ. ಅಶ್ವಗಂಧ, ಜ್ಯೇಷ್ಠಮಧು ಕಷಾಯ 48 ದಿನ. ಫಾರ್ವರ್ಡ್ ಹಾಕಿದ್ದೇನೆ, ಓದಿ.

ಡಾಕ್ಟರ್: ಓದಿದೆ. ಸತ್ತ ಗ್ರಂಥಿ ಕಷಾಯಕ್ಕೆ ಏಳುವುದಿಲ್ಲ. ಈ ಸ್ಟೀರಾಯ್ಡ್ ದೇಹಕ್ಕೆ ಬೇಕಾದಷ್ಟನ್ನೇ ತುಂಬಿಕೊಡುವ ಡೋಸ್, ಇದರಿಂದ ಕಿಡ್ನಿ ಹೋಗುವುದಿಲ್ಲ. ಜ್ಯೇಷ್ಠಮಧು ಬಿಪಿ ಏರಿಸಿ ಪೊಟ್ಯಾಶಿಯಂ ಇಳಿಸುತ್ತದೆ, ಗುಳಿಗೆಯ ಲೆಕ್ಕವೇ ತಪ್ಪುತ್ತದೆ. ಕಷಾಯ ನಂಬಿ ಗುಳಿಗೆ ಬಿಟ್ಟರೆ ಜೀವಕ್ಕೇ ಅಪಾಯ.

ಹೊನ್ನಾವರ: ಆಯುರ್ವೇದ ಬೈಯೋದು ಫ್ಯಾಶನ್ ಆಗಿದೆ.

ಶಿರಸಿ: ಬೈದದ್ದು ಫಾರ್ವರ್ಡಿಗೆ ಮಾರಾಯ್ರೆ. ಇನ್ಸುಲಿನ್ ಬಿಡಿ ಅಂತ ಹಾಕಿದ್ದೂ ಇದೇ ಕುಮಟಾದವರು.

ಕುಮಟಾ: ನಾನಲ್ಲ.

ಶಿರಸಿ: ನಂಬರ್ ಕಾಣ್ತದೆ.

ಕಾರವಾರ: ಇದು ಮಕ್ಕಳಿಗೂ ಬರ್ತದಾ?

ಯಲ್ಲಾಪುರ: ಜ್ವರ ಬಂದ್ರೆ ಗುಳಿಗೆ ಡಬಲ್ ಮಾಡ್ಬೇಕಾ ಸರ್?

ಡಾಕ್ಟರ್: ಮೇಲೆ ಇದೆ.

ಸಿದ್ದಾಪುರ: ಮಳೆಗಾಲದಲ್ಲಿ ಘಾಟ್ ಬಂದ್ ಆದ್ರೆ ಇಂಜೆಕ್ಷನ್ ಮನೇಲೇ ಕೊಡಬಹುದಾ?

ಡಾಕ್ಟರ್: ಅದಕ್ಕೇ ಮೊದಲೇ ಕಲಿತಿಡಿ. ಹೈಡ್ರೋಕಾರ್ಟಿಸೋನ್ 100 ಮಿಗ್ರಾಂ ಪುಡಿಯ ವಯಲ್‌ಗೆ 2 ಎಂಎಲ್ ಸ್ಟರೈಲ್ ವಾಟರ್, ಪೂರ್ತಿ ಕರಗಿ ತಿಳಿಯಾದ ಮೇಲೆ ತೊಡೆಯ ಹೊರಬದಿಯ ಸ್ನಾಯುವಿಗೆ. ವಯಲ್ ಎರಡಿರಲಿ, ತಾರೀಕು ನೋಡಿಡಿ. ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು.

ಯಲ್ಲಾಪುರ: ಮೇಲೆ ಅಂದ್ರೆ ಎಲ್ಲಿ ಸರ್?

ಕುಮಟಾ: ಜ್ಯೇಷ್ಠಮಧು ಬಿಟ್ಟು ಬರೀ ಅಶ್ವಗಂಧ ಆದ್ರೆ?

ಡಾಕ್ಟರ್: ಬೇಡ. ಅಂಕೋಲಾದವರು ಹೊರಟ್ರಾ?