ಓದುಗರ ಸ್ಪಂದನ: ಬರುವವರೆಷ್ಟೋ ಗೊತ್ತಿಲ್ಲ, ಎಲೆ ಎಷ್ಟು ಹಾಕಿಸಲಿ?

ಕಳೆದ ಸಂಚಿಕೆಯ ಸಮಸ್ಯೆ: "ವೃತ್ತಿಪರರ ಸಂಘವೊಂದರಲ್ಲಿ ಕಾರ್ಯಕ್ರಮಗಳ ಮ್ಯಾನೇಜರ್ ಆಗಿ ಸೇರಿದ್ದೇನೆ. ಅಕ್ಟೋಬರಿನಲ್ಲಿ ಮಡಿಕೇರಿಯಲ್ಲಿ ಎರಡು ದಿನದ ವಾರ್ಷಿಕ ಸಮ್ಮೇಳನ. ಸದಸ್ಯರು ಕೊನೆಯ ವಾರದವರೆಗೂ ಹೆಸರು ಕೊಡುವುದಿಲ್ಲ. ಹೋಟೆಲಿನವರು ಈಗಲೇ 150 ಊಟಕ್ಕೆ ಗ್ಯಾರಂಟಿ ಬರೆದುಕೊಡಿ ಎನ್ನುತ್ತಾರೆ. ಏನು ಮಾಡಲಿ?"

ಮೇಡಂ, 150ಕ್ಕೆ ಸಹಿ ಹಾಕಬೇಡಿ. ಗ್ಯಾರಂಟಿ ಎಂದರೆ ಜನ ಬಂದರೂ ಬಾರದಿದ್ದರೂ ಕೊಡಬೇಕಾದ ದುಡ್ಡು. ಪ್ಲೇಟಿಗೆ 900 ರೂಪಾಯಿ ಎಂದಿಟ್ಟುಕೊಳ್ಳಿ; ಎರಡು ಮಧ್ಯಾಹ್ನ, ಒಂದು ರಾತ್ರಿ. 30 ಜನ ಕಡಿಮೆಯಾದರೆ 81,000 ನೀರಿಗೆ ಹೋಯಿತು. ಹಿಂದಿನ ಮೂರು ಸಮ್ಮೇಳನಗಳ ಊಟದ ಬಿಲ್ ತೆಗೆಸಿ ನೋಡಿ. ನೋಂದಣಿ ಪುಸ್ತಕ ನಂಬಬೇಡಿ, ಅದರಲ್ಲಿ ಬಾರದವರೂ ಇರುತ್ತಾರೆ. ಅತಿ ಕಡಿಮೆ ಜನ ಉಂಡ ವರ್ಷದ ಸಂಖ್ಯೆಗೆ ಗ್ಯಾರಂಟಿ ಕೊಟ್ಟು, ಏಳು ದಿನ ಮುಂಚಿನವರೆಗೂ ಅದೇ ದರಕ್ಕೆ ಏರಿಸಬಹುದು ಎಂದು ಕರಾರಿನಲ್ಲಿ ಬರೆಸಿ. ಏರಿಸುವುದಕ್ಕೆ ಹೋಟೆಲಿನವರು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ, ಇಳಿಸುವುದಕ್ಕೇ ಮುಖ ಗಂಟಿಕ್ಕುವುದು. ರೂಮುಗಳ ಲೆಕ್ಕ ಬೇರೆ ಇರಲಿ: ಇಂಥ ದಿನದವರೆಗೆ ದಂಡವಿಲ್ಲದೆ ಬಿಟ್ಟುಕೊಡಬಹುದು ಎಂಬ ಸಾಲು ಇಲ್ಲದ ಕರಾರಿಗೆ ಮುಂಗಡ ಬೇಡ.

ತಡವಾದರೆ ಏನೂ ನಷ್ಟವಿಲ್ಲ ಎಂದು ಗೊತ್ತಿರುವುದಕ್ಕೇ ಸದಸ್ಯರು ತಡಮಾಡುತ್ತಾರೆ. ಹೋಟೆಲಿಗೆ ಅಂತಿಮ ಸಂಖ್ಯೆ ಹೇಳುವ ದಿನಕ್ಕಿಂತ ಮೂರು ದಿನ ಮೊದಲೇ ರಿಯಾಯಿತಿ ಶುಲ್ಕ ಮುಗಿಯಲಿ. ದುಡ್ಡು ಬಾರದ ಹೆಸರು ಲೆಕ್ಕಕ್ಕಿಲ್ಲ. ಆಮೇಲೆ "ನಮ್ಮವರೇ ಬಿಡಿ" ಎಂದು ಪದಾಧಿಕಾರಿಗಳು ಒಬ್ಬರನ್ನು ಹಳೆಯ ದರಕ್ಕೆ ಸೇರಿಸಿದರೂ ಸಾಕು, ಮುಂದಿನ ವರ್ಷ ಎಲ್ಲರೂ ಕಾಯುತ್ತಾರೆ.
— ಗೋಣಿಕೊಪ್ಪ

ಸಂಖ್ಯೆಗಿಂತ ಮೊದಲು ತಾರೀಖು ನೋಡಿ. ಅಕ್ಟೋಬರ್ 17ರ ಆಸುಪಾಸು ತಲಕಾವೇರಿಯಲ್ಲಿ ತೀರ್ಥೋದ್ಭವ, ಅದಕ್ಕೆ ಬರುವ ಜನವೋ ಜನ. ದಸರಾವೂ ಅದೇ ತಿಂಗಳಿಗೆ ಬಿದ್ದರೆ, ವಿಜಯದಶಮಿಯ ರಾತ್ರಿ ದಶಮಂಟಪಗಳು (ಹತ್ತು ದೇವಸ್ಥಾನಗಳ ಮೆರವಣಿಗೆ ಮಂಟಪಗಳು) ಹೊರಟ ಮೇಲೆ ಮಡಿಕೇರಿ ಪೇಟೆಯಲ್ಲಿ ಬಸ್ಸು ತಿರುಗಿಸುವ ಮಾತೇ ಇಲ್ಲ. ಜಿಲ್ಲೆಗೆ ರೈಲಿಲ್ಲ, ಹೊರಗಿನ ಭಾಷಣಕಾರರು ಮೈಸೂರಿನಲ್ಲೋ ಕಣ್ಣೂರು ವಿಮಾನ ನಿಲ್ದಾಣದಲ್ಲೋ ಇಳಿದು ಘಟ್ಟ ಹತ್ತಿ ಬರಬೇಕು. ಮೊದಲ ಗೋಷ್ಠಿಯನ್ನು 11ಕ್ಕಿಂತ ಮುಂಚೆ ಇಡಬೇಡಿ.

"ಹಾಲ್ 200 ಜನಕ್ಕೆ ಸಾಕು" ಎಂದರೆ ಬರೀ ಕುರ್ಚಿ ಸಾಲು. ಬರೆದುಕೊಳ್ಳಲು ಮೇಜು ಹಾಕಿದಿರೋ, ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಜನರೇಟರ್ ಇದ್ದ ಮಾತ್ರಕ್ಕೆ ನೆಮ್ಮದಿಯಿಲ್ಲ. ಕರೆಂಟು ಹೋಗಿ ಜನರೇಟರ್ ಹತ್ತುವ ಆ ಹತ್ತು-ಹದಿನೈದು ಸೆಕೆಂಡಿನಲ್ಲಿ ಪ್ರೊಜೆಕ್ಟರ್ ಆರುತ್ತದೆ. ಲ್ಯಾಂಪಿನ ಪ್ರೊಜೆಕ್ಟರಾದರೆ ತಣ್ಣಗಾಗುವವರೆಗೂ ಮತ್ತೆ ಹೊತ್ತುವುದಿಲ್ಲ, ಭಾಷಣಕಾರರು ಖಾಲಿ ಪರದೆ ನೋಡುತ್ತ ನಿಂತಿರುತ್ತಾರೆ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಮೈಕಿನ ಮಿಕ್ಸರ್ ಮೂರನ್ನೂ 1 ಕೆವಿಎ ಯುಪಿಎಸ್‌ಗೆ ಹಾಕಿಸಿ. ಆಂಪ್ಲಿಫೈಯರ್ ಸೇರಿಸಬೇಡಿ, ಲೋಡ್ ಹೆಚ್ಚಾಗಿ ಎಲ್ಲವೂ ಒಟ್ಟಿಗೇ ಆರಬಹುದು. ಹಿಂದಿನ ಸಂಜೆ ಮೇನ್ ಸ್ವಿಚ್ ಇಳಿಸಿಯೇ ಪರೀಕ್ಷಿಸಿ. ಕರೆಂಟಿನ ಹಿಂದೆಯೇ ಮೊಬೈಲ್ ಟವರೂ ಕೈಕೊಡಬಹುದು, ಹೆಸರಿನ ಪಟ್ಟಿ ಕಾಗದದಲ್ಲಿರಲಿ.
— ವಿರಾಜಪೇಟೆ

ಊಟದ ವಿಷಯ ಮಾತ್ರ ಹೇಳುತ್ತೇನೆ. ಅಕ್ಕಿ ಒಟ್ಟಿಯನ್ನು (ಕೊಡಗಿನ ಅಕ್ಕಿ ರೊಟ್ಟಿ) ಬಿಸಿಬಿಸಿ ಬೇಯಿಸಿ ಬಡಿಸಲು ಹೊರಟರೆ ಸಾಲು ನಿಂತಲ್ಲೇ ನಿಲ್ಲುತ್ತದೆ. ಕಡುಂಬುಟ್ಟು (ಅಕ್ಕಿ ತರಿಯ ಉಂಡೆ) ಮೊದಲೇ ಹಬೆಯಲ್ಲಿ ಬೇಯಿಸಿ ಮುಚ್ಚಿಡಬಹುದು, ತಲಾ ನಾಲ್ಕು. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ತಿನ್ನುವವರಿಗೆ ತಲಾ 150 ಗ್ರಾಂ ಹಸಿ ಮಾಂಸದ ಲೆಕ್ಕ. ಯಾರು ತಿನ್ನುತ್ತಾರೆಂದು ನೋಂದಣಿ ಫಾರಮಿನಲ್ಲೇ ಕೇಳಿ. ಅದಕ್ಕೆ ಬೇರೆ ಮೇಜು, ಬೇರೆ ಸೌಟು, ಕಣ್ಣಿಗೆ ಕಾಣುವ ಚೀಟಿ. ಸಸ್ಯಾಹಾರದ ಮೇಜು ಬಾಗಿಲ ಕಡೆಗಿದ್ದರೆ ಒಳ್ಳೆಯದು. ಪ್ಲೇಟಿನ ದರ ಜಿಎಸ್‌ಟಿ ಸೇರಿಯೋ, ಹೊರತೋ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ಇನ್ನೊಂದು: ಹೋಟೆಲಿನ ಅಡುಗೆಮನೆಗೆ ಫೋನ್ ಮಾಡುವವರು ನೀವೊಬ್ಬರೇ ಆಗಿರಬೇಕು. ಅಧ್ಯಕ್ಷರು ಪಾಯಸ ಸೇರಿಸಿ, ಕಾರ್ಯದರ್ಶಿ ಅದನ್ನೇ ತೆಗೆಸಿದರೆ, ಬಿಲ್ಲಿನಲ್ಲಿ ಪಾಯಸ ಬಂದಿರುತ್ತದೆ, ಎಲೆಗೆ ಬಂದಿರುವುದಿಲ್ಲ.
— ಪೊನ್ನಂಪೇಟೆ