ಡೆಸ್ಕ್‌ಟಾಪ್ ಲಿನಕ್ಸ್ ಬಳಸುವವರಿಗೆ ಆಂಟಿವೈರಸ್ ಬೇಕೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ತೆಗೆದು ಉಬುಂಟು ಹಾಕಿಕೊಂಡಿದ್ದೇನೆ. ಬ್ಯಾಂಕ್ ವ್ಯವಹಾರವೂ ಇದರಲ್ಲೇ ನಡೆಯುತ್ತದೆ. ಲಿನಕ್ಸ್‌ಗೆ ವೈರಸ್ ಬರುವುದೇ ಇಲ್ಲ ಎನ್ನುತ್ತಾರೆ. ಆದರೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದ ಪೆನ್‌ಡ್ರೈವ್‌ನಲ್ಲಿ ನಾನು ಹಾಕಿರದ ಶಾರ್ಟ್‌ಕಟ್ ಫೈಲುಗಳು ಕಾಣಿಸಿದ್ದರಿಂದ ಆತಂಕವಾಗಿದೆ. ಆಂಟಿವೈರಸ್ ಹಾಕಬೇಕೇ? ಹಾಕುವುದಾದರೆ ಯಾವುದು?

ಉತ್ತರ 1:
ಆ ಫೈಲುಗಳು ವಿಂಡೋಸ್‌ಗಾಗಿ ಬರೆದವು; ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಎಂಬ ತಂತ್ರಾಂಶವನ್ನು ನೀವು ಹಾಕಿಕೊಂಡಿರದಿದ್ದರೆ ಉಬುಂಟುವಿನಲ್ಲಿ ಅವುಗಳ ಆಟ ನಡೆಯುವುದಿಲ್ಲ. ಇಂಥ ವೈರಸ್ ನಿಮ್ಮ ಮೂಲ ಫೈಲುಗಳನ್ನು ವಿಂಡೋಸ್‌ನಲ್ಲಿ ಕಾಣದಂತೆ ಅಡಗಿಸುತ್ತದೆಯಾದರೂ ಲಿನಕ್ಸ್‌ನಲ್ಲಿ ಅವು ಸಾಮಾನ್ಯವಾಗಿ ಕಾಣುತ್ತವೆ. ಆ ಮೂಲ ಫೈಲುಗಳನ್ನಷ್ಟೇ ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ವಿಂಡೋಸ್ ಇರುವವರಿಗೆ ಫೈಲು ಕೊಡುವ ರೂಢಿಯಿದ್ದರೆ, ಸಿಸ್ಕೋ ಕಂಪನಿಯ ಟ್ಯಾಲೋಸ್ ತಂಡ ನಿರ್ವಹಿಸುವ ಉಚಿತ ಆಂಟಿವೈರಸ್ ಕ್ಲಾಮ್‌ಎವಿ ಹಾಕಿಕೊಂಡು, ಕೊಡುವ ಮುನ್ನ ಒಮ್ಮೆ ಸ್ಕ್ಯಾನ್ ಮಾಡಿದರೆ ಸಾಕು.

ಉತ್ತರ 2:
ಮೇಲಿನ ಸಲಹೆ ಸರಿಯಾಗಿದೆ. ಆದರೆ ವೈರಸ್ ಬರುವುದೇ ಇಲ್ಲ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. 2016ರ ಫೆಬ್ರವರಿಯಲ್ಲಿ ಉಬುಂಟುವಿನಂತೆಯೇ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ಕನ್ನ ಹಾಕಿದವರು, ಡೌನ್‌ಲೋಡ್ ಮಾಡುವವರಿಗೆ ಹಿಂಬಾಗಿಲಿರುವ (ಗುಟ್ಟಾಗಿ ಒಳನುಗ್ಗಲು ದಾರಿಯಿರುವ) ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡುವ ಫೈಲು, ಸಿಗುವಂತೆ ಮಾಡಿದ್ದರು. 2025ರ ಜುಲೈನಲ್ಲಿ ಆರ್ಚ್ ಲಿನಕ್ಸ್ ಎಂಬ ಇನ್ನೊಂದು ಬಗೆಯ ಬಳಕೆದಾರರೇ ಪ್ಯಾಕೇಜುಗಳನ್ನು ಸೇರಿಸುವ ಭಂಡಾರವಾದ ಎಯುಆರ್‌ನಲ್ಲಿ ಫೈರ್‌ಫಾಕ್ಸ್‌ನ ಹೆಸರು ಹೊತ್ತ ಒಂದು ಪ್ಯಾಕೇಜಿನೊಳಗೆ, ಕಂಪ್ಯೂಟರನ್ನು ದೂರದಿಂದ ವಶಪಡಿಸಿಕೊಳ್ಳುವ ಕೇಯಾಸ್ ರ್‍ಯಾಟ್ ಎಂಬ ಕುತಂತ್ರಾಂಶ ಸಿಕ್ಕಿತು. ಎರಡರಲ್ಲೂ ಬಳಕೆದಾರರೇ ನಂಬಿ, ತಮ್ಮ ಕೈಯಾರೆ ಅದನ್ನು ಒಳಗೆ ಬಿಟ್ಟುಕೊಂಡಿದ್ದರು.

ರೂಟ್ (ಇಡೀ ಕಂಪ್ಯೂಟರಿನ ಮೇಲೆ ಹಿಡಿತವಿರುವ ಖಾತೆ) ಪಾಸ್‌ವರ್ಡ್ ಕೊಡದಿದ್ದರೆ ಏನೂ ಆಗದು ಎಂಬ ಧೈರ್ಯವೂ ಸಲ್ಲದು. ನಿಮ್ಮ ಫೋಟೊಗಳು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಎಲ್ಲವೂ ಇರುವುದು ಹೋಮ್ ಫೋಲ್ಡರಿನಲ್ಲಿ. ನಿಮ್ಮ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಮಿಗಾದರೂ ಸಾಮಾನ್ಯವಾಗಿ ಅವು ಸಿಗುತ್ತವೆ, ಅದಕ್ಕೆ ಸುಡೊ (ರೂಟ್ ಅಧಿಕಾರ ಪಡೆಯುವ ಕಮಾಂಡ್) ಬೇಕಿಲ್ಲ. ಇನ್ನು ಈಗಾಗಲೇ ಗೊತ್ತಿರುವ ವೈರಸ್‌ಗಳ ಗುರುತಿನ ಪಟ್ಟಿಯನ್ನು ನೆಚ್ಚಿದ ಸ್ಕ್ಯಾನರ್ ಹೊಸ ದಾಳಿಯನ್ನು ಹಿಡಿಯುವುದು ಕಷ್ಟ. 2024ರ ಮಾರ್ಚ್‌ನಲ್ಲಿ ಲಿನಕ್ಸ್‌ನಲ್ಲಿ ಫೈಲುಗಳನ್ನು ಕುಗ್ಗಿಸಲು ಬಳಸುವ ಎಕ್ಸ್‌ಝೆಡ್ ಯುಟಿಲ್ಸ್‌ನ ಹಿಂಬಾಗಿಲನ್ನು ಪತ್ತೆ ಹಚ್ಚಿದ್ದು ಯಾವ ಆಂಟಿವೈರಸ್ಸೂ ಅಲ್ಲ. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಆದ್ದರಿಂದ ಅಪ್‌ಡೇಟ್‌ಗಳನ್ನು ಮುಂದೂಡಬೇಡಿ, ಅಲ್ಲಿ ಇಲ್ಲಿ ಕಂಡ ಕಮಾಂಡನ್ನು ಅರ್ಥವಾಗದೆ ಟರ್ಮಿನಲ್‌ಗೆ ಅಂಟಿಸಬೇಡಿ, ಬ್ಯಾಕಪ್ ಇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಉಬುಂಟುವಿನ ಆ್ಯಪ್ ಸೆಂಟರ್‌ನಲ್ಲಿ ಸಿಗುವುದನ್ನೆಲ್ಲ ನಂಬಬಹುದೇ?

ಉತ್ತರ 2:
ಎಲ್ಲವನ್ನೂ ನಂಬುವಂತಿಲ್ಲ. ಅದಕ್ಕೆ ಪ್ಯಾಕೇಜು ಒದಗಿಸುವ ಸ್ನ್ಯಾಪ್ ಸ್ಟೋರ್‌ನಲ್ಲಿ ನಕಲಿ ಕ್ರಿಪ್ಟೊ ವಾಲೆಟ್‌ಗಳು ನುಸುಳಿದ ಉದಾಹರಣೆಗಳಿವೆ. ಇನ್‌ಸ್ಟಾಲ್ ಒತ್ತುವ ಮುನ್ನ ಪ್ರಕಾಶಕರ ಹೆಸರಿನ ಪಕ್ಕದಲ್ಲಿ ಪರಿಶೀಲಿತ ಗುರುತು ಇದೆಯೇ ಎಂದು ನೋಡಿಕೊಳ್ಳಿ.