ಪಿಕಪ್ ಗಾಡಿ ಬಿಸಿಎಂ ಹೋಗಿದೆ ಅಂತಿದಾರೆ, ಗುಜರಿದು ತಂದು ಹಾಕಿದ್ರೆ ನಡೆಯುತ್ತಾ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ದು ಮೂಡಿಗೆರೆ ಹತ್ರ ಕಾಫಿ ತೋಟ, ನಾಲ್ಕು ಬಾಗಿಲಿನ ಡೀಸೆಲ್ ಪಿಕಪ್ ಇದೆ, ತಗೊಂಡು 7 ವರ್ಷ ಆಯ್ತು, ಗೊಬ್ಬರ ಮೂಟೆ ಕಾಫಿ ಮೂಟೆ ಎಲ್ಲ ಅದ್ರಲ್ಲೇ. ಈ ಸಲ ಮಳೆ ಹಿಡಿದ ಮೇಲೆ ಗಾಡಿ ಏನೇನೋ ಆಡ್ತಿದೆ. ಮೊದ್ಲು ನಡುರಾತ್ರಿ ಶೆಡ್ಡಲ್ಲಿ ನಿಂತಲ್ಲೇ ಸೆಂಟ್ರಲ್ ಲಾಕ್ ಟಕ್ ಟಕ್ ಅಂತ ತಾನೇ ಬೀಳೋದು ತೆಗೆಯೋದು, ಆಮೇಲೆ ಎಡಗಡೆ ಇಂಡಿಕೇಟರ್ ಹಾಕಿದ್ರೆ ವೈಪರ್ ಒಂದು ಸಲ ಬೀಸುತ್ತೆ, ಈಗ ಮೂರು ದಿನದಿಂದ ಬೆಳಿಗ್ಗೆ ನೋಡಿದ್ರೆ ಬ್ಯಾಟರಿ ಡೌನ್. ಇದೆಲ್ಲ ಹೆಂಗೋ ಸಹಿಸ್ಕೋಬಹುದು, ಆದ್ರೆ ಮೊನ್ನೆ ಚಾರ್ಮಾಡಿ ಘಾಟಿ ಇಳಿಯುವಾಗ ಮಂಜಲ್ಲಿ ಹೆಡ್‌ಲೈಟ್ ಒಂದು ಕ್ಷಣ ಪೂರ್ತಿ ಆಫ್ ಆಗಿ ಬಂತು, ಹಿಂದೆ ಅಮ್ಮ, ಮಗಳು ಕೂತಿದ್ರು, ಅವತ್ತಿಂದ ಕತ್ತಲಾದ ಮೇಲೆ ಗಾಡಿ ತೆಗೆಯೋಕೆ ಕೈ ನಡುಗುತ್ತೆ.

ಇಲ್ಲಿ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿ ಯು0140 ಅಂತ ದೋಷದ ಕೋಡ್ ಬರ್ತಿದೆ, ಬಿಸಿಎಂ, ಅಂದ್ರೆ ಲೈಟು ಲಾಕು ವೈಪರ್ ಎಲ್ಲ ನಡೆಸೋ ಕಂಪ್ಯೂಟರ್ ಡಬ್ಬಿ, ಹೋಗಿದೆ ಅಂದ್ರು. ಹೊಸದ್ರ ರೇಟ್ ಕೇಳಿ ತಲೆಬಿಸಿ ಆಯ್ತು. ನನ್ನ ತಂಗಿ ಮಗ ಬೆಂಗ್ಳೂರು ಶಿವಾಜಿನಗರದ ಗುಜರಿಲಿ ಇದೇ ಗಾಡಿದು ಒಂದು ನೋಡಿ ಬಂದಿದಾನೆ. ತಂದು ನಾನೇ ಪ್ಲಗ್ ಚುಚ್ಚಿದ್ರೆ ಆಗುತ್ತಾ? ಗೊತ್ತಿದ್ದವ್ರು ಹೇಳಿ.

ಹಾಸನ ವೈರಿಂಗ್:
ದುಡ್ಡು ಕೊಡೋ ಮುಂಚೆ ಸ್ವಲ್ಪ ನಿಲ್ಲಿ ಮಾರಾಯ್ರೆ. ಯು0140 ಅಂದ್ರೆ ಬಿಸಿಎಂ ಸತ್ತಿದೆ ಅಂತ ಅಲ್ಲ, ಗಾಡಿಲಿರೋ ಬೇರೆ ಮಾಡ್ಯೂಲ್‌ಗಳು, ಅಂದ್ರೆ ಇಂಥದ್ದೇ ಬೇರೆ ಡಬ್ಬಿಗಳು, ಕರೆದ್ರೆ ಅದು ಓಗೊಡ್ತಿಲ್ಲ ಅಂತ ಅಷ್ಟೇ. ಅದಕ್ಕೆ ಕರೆಂಟೇ ಹೋಗದಿದ್ರೂ ಓಗೊಡಲ್ಲ, ಅರ್ಥ್ ಪಾಯಿಂಟ್ ಕಿಲುಬು ಹಿಡಿದಿದ್ರೂ ಓಗೊಡಲ್ಲ, ನಡುವೆ ಇಲಿ ವೈರ್ ಕಡಿದಿದ್ರೂ ಓಗೊಡಲ್ಲ. ನಾನು ಈ ಕೆಲ್ಸಕ್ಕೆ ಬಂದು 20 ವರ್ಷ ಆಯ್ತು, ಬಿಸಿಎಂ ಹೋಗಿದೆ ಅಂತ ಬರೋ ಗಾಡಿಲಿ ಎಷ್ಟೋ ಗಾಡಿಗೆ ಬಿಸಿಎಂ ಬೇಕಾಗಿರೋದೇ ಇಲ್ಲ.

ಮೊದ್ಲು ಬ್ಯಾಟರಿ ಫುಲ್ ಚಾರ್ಜ್ ಮಾಡಿ, ನಿಂತ ಗಾಡಿಲಿ 12.6 ವೋಲ್ಟ್ ಹತ್ರ ಇರ್ಬೇಕು. ಬಿಸಿಎಂಗೆ ಬರೋ ಫ್ಯೂಸ್ ಲೈನ್‌ಗಳನ್ನ ಬರೀ ಮಲ್ಟಿಮೀಟರ್ ಮುಟ್ಟಿಸಿ ನೋಡ್ಬೇಡಿ, 21 ವ್ಯಾಟ್ ಇಂಡಿಕೇಟರ್ ಬಲ್ಬ್ ಒಂದಕ್ಕೆ ವೈರ್ ಕಟ್ಟಿ ಉರಿಸಿ ನೋಡಿ, ಒಂದೇ ಎಳೆ ಉಳಿದಿರೋ ವೈರ್ ಕೂಡ ಮೀಟರಲ್ಲಿ 12 ತೋರಿಸುತ್ತೆ, ಬಲ್ಬ್ ಹತ್ತಿಸೋಕೆ ಆಗಲ್ಲ. ಲೈಟ್ ಎಲ್ಲ ಹಾಕಿ ಬಿಸಿಎಂ ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ಮಧ್ಯೆ ಮೀಟರ್ ಇಡಿ, 0.1 ವೋಲ್ಟ್ ಒಳಗೆ ಇದ್ರೆ ಅರ್ಥ್ ಸರಿ. ಆಮೇಲೆ ಬ್ಯಾಟರಿ ಮೈನಸ್ ಬಿಚ್ಚಿ, ಸ್ಕ್ಯಾನರ್ ಸಾಕೆಟ್‌ನ 6 ಮತ್ತು 14ನೇ ಪಿನ್ ಮಧ್ಯೆ ಓಮ್ಸ್ ನೋಡಿ, ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡೋ ಲೈನ್ ಅದು. 60 ಆಸುಪಾಸು ಬರ್ಬೇಕು. 120 ಬಂದ್ರೆ ಎಲ್ಲೋ ಲೈನ್ ಕಟ್ಟು, ಸೊನ್ನೆ ಹತ್ರ ಬಂದ್ರೆ ಶಾರ್ಟು.

ಇನ್ನೊಂದು ಮುಖ್ಯ. ಇಂಡಿಕೇಟರ್ ಹಾಕಿದ್ರೆ ವೈಪರ್ ಬೀಸೋದು ಕೇಳಿದ್ರೆ ನಂಗೆ ನೀರು ಅಂತ ಅನುಮಾನ, ಪಿನ್ನಿಂದ ಪಿನ್ನಿಗೆ ಕರೆಂಟ್ ಜಿನುಗ್ತಿದೆ. ಎಡಗಡೆ ಕಾಲಿಡೋ ಜಾಗದ ಮ್ಯಾಟ್ ಎತ್ತಿ ಒತ್ತಿ ನೋಡಿ. ವೈಪರ್ ಬುಡದ ಪ್ಲಾಸ್ಟಿಕ್ ಜಾಲರಿ ಕೆಳಗೆ ನೀರು ಹೋಗೋ ತೂತು ಇರುತ್ತೆ, ಅದಕ್ಕೆ ನಿಮ್ ತೋಟದ ಸಿಲ್ವರ್ ಓಕ್ ಮರದ ಎಲೆ ಕಟ್ಟಿಕೊಂಡ್ರೆ ನೀರು ಒಳಗೆ ಇಳಿಯುತ್ತೆ.

ಬೇಲೂರು ರೋಡ್:
ಗುಜರಿದು ತರೋದಾದ್ರೆ ನನ್ನ ಅನುಭವ ಕೇಳಿ. ಪಾರ್ಟ್ ನಂಬರ್ ಕೊನೇ ಅಕ್ಷರದವರೆಗೂ ಒಂದೇ ಅಂತ ತಂದು ಹಾಕ್ದೆ. ಲೈಟು ಕಿಟಕಿ ಎಲ್ಲ ಬಂತು, ಇಂಜಿನ್ ಮಾತ್ರ ಸ್ಟಾರ್ಟ್ ಇಲ್ಲ, ಡ್ಯಾಶ್‌ಬೋರ್ಡಲ್ಲಿ ಕೀ ಗುರುತು ಮಿಣುಕು ಮಿಣುಕು. ನನ್ನ ಗಾಡಿಲಿ ಇಮ್ಮೊಬಿಲೈಸರ್, ಅಂದ್ರೆ ಸರಿಯಾದ ಕೀ ಇಲ್ಲದಿದ್ರೆ ಇಂಜಿನ್ ಸ್ಟಾರ್ಟ್ ಆಗೋಕೆ ಬಿಡದ ವ್ಯವಸ್ಥೆ, ಬಿಸಿಎಂ ಒಳಗೇ ಇತ್ತು, ಅದ್ರಲ್ಲಿ ಆ ಹಳೇ ಗಾಡಿ ಚಾಸಿಸ್ ನಂಬರ್ರು ಆ ಹಳೇ ಕೀನೇ ಕೂತಿತ್ತು. ಕೊನೆಗೆ ಬೆಂಗ್ಳೂರಲ್ಲಿ ಒಬ್ರು ನನ್ನ ಹಳೇ ಬೋರ್ಡಿನ ಮೆಮೊರಿ ಓದಿ ಇದಕ್ಕೆ ಕಾಪಿ ಮಾಡಿ ಕೊಟ್ಟಮೇಲೆ ಗಾಡಿ ಎದ್ದಿದ್ದು. ಹಾಗಾಗಿ ಹಳೇದನ್ನ ಯಾವ ಕಾರಣಕ್ಕೂ ಎಸೀಬೇಡಿ ಅಣ್ಣ.

ತೋಟದಮನೆ:
ಹಾಸನದ ಅಣ್ಣ, ನೀವು ಹೇಳಿದ್ದು ಎಲ್ಲ ಮಾಡಿದೆ, ಅದಕ್ಕೇ ನಾಲ್ಕು ದಿನ ಆಯ್ತು. ಮ್ಯಾಟ್ ಒತ್ತಿದ್ರೆ ಬೆರಳ ಸಂದಿಲಿ ನೀರು ಬಂತು! ಜಾಲರಿ ಕೆಳಗೆ ಕೊಳೆತ ಸಿಲ್ವರ್ ಎಲೆ ಎರಡು ಬೊಗಸೆ. ಫ್ಯೂಸ್ ಲೈನಲ್ಲಿ ಬಲ್ಬ್ ಚೆನ್ನಾಗಿ ಉರೀತು, ಅರ್ಥ್ 0.03, ಓಮ್ಸ್ 60. ಗಾಡಿ ಲಾಕ್ ಮಾಡಿ ಮುಕ್ಕಾಲು ಗಂಟೆ ಬಿಟ್ಟು ನೋಡಿದ್ರೂ 0.9 ಆಂಪ್ ಎಳೀತಾನೇ ಇತ್ತು, ಬಿಸಿಎಂ ಪ್ಲಗ್ ತೆಗೆದ್ರೆ 0.03ಕ್ಕೆ ಇಳೀತು. ಡಬ್ಬಿ ಬಿಚ್ಚಿದ್ರೆ ಒಂದು ಮೂಲೆ ಪೂರ್ತಿ ಹಸಿರು ಕಿಲುಬು, ಎರಡು ಮೂರು ತಾಮ್ರದ ಗೆರೆ ತಿಂದು ಹೋಗಿ ಬರೀ ಗುರುತು ಉಳಿದಿದೆ.

ಹಾಸನ ವೈರಿಂಗ್:
ಪ್ಲಗ್ ತೆಗೆದ್ರೆ ಆಂಪ್ ಇಳೀತು ಅನ್ನೋದೊಂದ್ರಿಂದಲೇ ತೀರ್ಮಾನ ಮಾಡೋಕಾಗಲ್ಲ, ಬಿಸಿಎಂ ಕರೆಂಟ್ ಕೊಡೋ ಬೇರೆ ಯಾವುದೋ ಲೈನ್ ಎಳೀತಿರಬಹುದು, ಆದ್ರೆ ಬೋರ್ಡ್ ಹಿಂಗಿದ್ಮೇಲೆ ಬದಲಾಯಿಸೋದೇ ಸರಿ. ರಾತ್ರಿ ಘಾಟಿ ಓಡಿಸೋ ಗಾಡಿ, ಹೆಡ್‌ಲೈಟ್ ವಿಷ್ಯ, ಕೈಲಾದ್ರೆ ಹೊಸದೇ ಹಾಕಿ.

ಮೊದ್ಲು ನೀರು ನಿಲ್ಲಿಸಿ, ಆಮೇಲೆ ಪಾರ್ಟ್. ಬಿಚ್ಚೋ ಮುಂಚೆ ಪ್ಲಗ್‌ಗಳ ಫೋಟೋ ತೆಗೀರಿ, ಮೈನಸ್ ತೆಗೆದು ಹತ್ತು ನಿಮಿಷ ಬಿಡಿ, ಏರ್‌ಬ್ಯಾಗ್ ಇದೆ. ವೈರ್ ಬದಿ ಪ್ಲಗ್ಗಲ್ಲೂ ಕಿಲುಬು ಇದ್ರೆ ಆ ಪಿನ್ ಬದಲಾಯಿಸಿ, ಬರೀ ತೊಳೆದು ಹೊಸ ಬಿಸಿಎಂ ಚುಚ್ಚಿದ್ರೆ ಅದೂ ಹಾಳು. ವೈರ್ ಕಟ್ಟನ್ನ ಪ್ಲಗ್ಗಿಗಿಂತ ಸ್ವಲ್ಪ ಕೆಳಗೆ ಇಳಿಬಿಟ್ಟು ಮೇಲೆ ತಂದು ಕಟ್ಟಿ, ಮತ್ತೆ ನೀರು ಬಂದ್ರೂ ಆ ಬಾಗಿನಲ್ಲೇ ತೊಟ್ಟಿಕ್ಕುತ್ತೆ. ಕೋಡಿಂಗ್, ಅಂದ್ರೆ ಹೊಸದಕ್ಕೆ ನಿಮ್ ಗಾಡಿ, ಕೀ ವಿವರ ತುಂಬೋ ಕೆಲ್ಸ, ಮಾಡುವಾಗ ಬ್ಯಾಟರಿಗೆ ಚಾರ್ಜರ್ ಹಾಕಿರಲೇಬೇಕು, ನಡುವೆ ವೋಲ್ಟೇಜ್ ಬಿದ್ರೆ ಹೊಸ ಮಾಡ್ಯೂಲ್ ಅಲ್ಲೇ ಸಾಯಬಹುದು. ಇರೋ ಕೀ ಎಲ್ಲ ತಗೊಂಡ್ ಹೋಗಿ, ತುಂಬ ಗಾಡಿಲಿ ಅವತ್ತು ಎದುರಿಗೆ ಇಲ್ಲದ ಕೀ ಆಮೇಲೆ ಕೆಲ್ಸ ಮಾಡಲ್ಲ.

ತೋಟದಮನೆ:
ಹೊಸದೇ ಹಾಕಿಸಿದೆ ಅಣ್ಣ. ಎರಡನೇ ಕೀ ಅಮ್ಮನ ಬೀರುವಿನಲ್ಲಿ ಸೀರೆ ಮಧ್ಯೆ ಸಿಕ್ತು, ನೀವು ಹೇಳದಿದ್ರೆ ಹುಡುಕ್ತಾನೇ ಇರ್ಲಿಲ್ಲ. ಪ್ಲಗ್ಗಲ್ಲಿ ಮೂರು ಪಿನ್ ಬದಲಾಯಿಸಿದ್ರು. ನಿನ್ನೆ ರಾತ್ರಿ ಕೊಟ್ಟಿಗೆಹಾರದವರೆಗೆ ಹೋಗಿ ಬಂದೆ, ಜೋರು ಮಳೆ, ಲೈಟ್ ಒಂದ್ಸಲನೂ ಮಿಟುಕಲಿಲ್ಲ, ಬೆಳಿಗ್ಗೆ ಬ್ಯಾಟರಿ 12.6. ತುಂಬ ಉಪಕಾರ ಆಯ್ತು. ಮ್ಯಾಟ್ ಕೆಳಗಿನ ಸ್ಪಂಜ್ ಇನ್ನೂ ಹಸಿ ಇದೆ, ಈ ಮಳೇಲಿ ಬಿಸಿಲೆಲ್ಲಿ, ಬಚ್ಚಲೊಲೆ ಪಕ್ಕ ಹರಡಿದೀನಿ.